ಅಟ್ಟ ಮಾರಾಟಕ್ಕಿದೆ

(ಚಿತ್ರದುರ್ಗದಲ್ಲಿ ಸೇರಿದ್ದ ಮಿಲ್ ಕೆಲಸಗಾರರ, ಹಮಾಲರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದಲೂ ಜನ ಬಂದಿದ್ದರು. ಮಾತನ್ನು ಹೆಚ್ಚು ತಿದ್ದದೆ ಅಚ್ಚು ಹಾಕಿದ್ದೇವೆ.)



ಈ ಸಂಜೆ ನಾನು ಮಾತನಾಡಬೇಕೆಂದು ಬಂದಿರುವುದು ಒಂದು ಮನೆ ಮಾರಾಟದ ವಿಚಾರ. ಗಾಬರಿಯಾಗಬೇಡಿ, ನಾನು ದಲ್ಲಾಳಿ ಕೆಲಸಕ್ಕೆ ಇಳಿದಿಲ್ಲ. ಮನೆ ಇರುವುದು ಅಮೆರಿಕದಲ್ಲಿ. ಕೊಳ್ಳಬೇಕೆಂದು ಹೊರಟಿರುವವನು ನನ್ನ ಅಕ್ಕನ ಮಗಳ ಗಂಡ. ಹುಡುಗ ಒಳ್ಳೆಯವನು, ಹೊಸದುರ್ಗದ ಕಡೆಯವನು, ತೆಂಗಿನ ತೋಟದ ಮನೆತನ. ಕಂಪ್ಯೂಟರ್ ಕೆಲಸಕ್ಕೆಂದು ಹೋದವನು ಅಲ್ಲಿಯೇ ನೆಲೆನಿಂತಿದ್ದಾನೆ. ಹೋದ ತಿಂಗಳು ಒಂದು ಜಾಹೀರಾತನ್ನು ಫೋನಿನಲ್ಲಿ ಕಳುಹಿಸಿ, "ಮಾವ, ಸ್ವಲ್ಪ ನೋಡಿ ಹೇಳಿ" ಎಂದ.

ನೋಡಿದೆ. ಪಟ್ಟಣದ ನಡುಮಧ್ಯೆ ಒಂದು ಹಳೆಯ ಉಗ್ರಾಣ. ಅದರ ಮೂರನೆಯ ಅಂತಸ್ತಿನ ಒಂದು ಭಾಗ ಮಾರಾಟಕ್ಕಿದೆ. ಒಂದೇ ಒಂದು ದೊಡ್ಡ ಹಜಾರ, ಒಳಗೆ ಗೋಡೆಗಳಿಲ್ಲ. ಹದಿನಾಲ್ಕು ಅಡಿ ಎತ್ತರದ ಸೂರು. ಗೋಡೆಗೆ ಗಾರೆ ಇಲ್ಲ, ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣುತ್ತದೆ. ಕಬ್ಬಿಣದ ಕಂಬಗಳಿಗೆ ಸುಣ್ಣಬಣ್ಣ ಬಳಿದಿಲ್ಲ. ಮೂಟೆ ಏರಿಸುತ್ತಿದ್ದ ಹಳೆಯ ಲಿಫ್ಟು ಹಾಗೆಯೇ ಇದೆ. ಹಲಗೆಯ ನೆಲದ ಮೇಲೆ ಸಾಮಾನು ಎಳೆದಾಡಿದ ಗೀರುಗಳೂ ಇವೆ. ಅವನ್ನು ಅಳಿಸದೆ ಕಾಪಾಡಿರುವುದಾಗಿ ಜಾಹೀರಾತಿನಲ್ಲಿ ಬಹಳ ಹೆಮ್ಮೆಯಿಂದ ಬರೆದಿದೆ. ಬೆಲೆಯನ್ನು ನಮ್ಮ ರೂಪಾಯಿಗೆ ತಿರುಗಿಸಿ ಹೇಳಿದರೆ ಊಟ ಸೇರಲಿಕ್ಕಿಲ್ಲವೆಂದು ಹೇಳುತ್ತಿಲ್ಲ.

ಇದಕ್ಕೆ ಅಲ್ಲಿಯ ಹೆಸರು ಲಾಫ್ಟ್. ಲಾಫ್ಟ್ ಎಂದರೆ ಅಟ್ಟ. ನಮ್ಮ ಅಕ್ಕನಿಗೆ ಇದನ್ನು ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಮಗಳನ್ನು ಅಷ್ಟು ದೂರ ಕೊಟ್ಟಿದ್ದು ಅಟ್ಟದ ಮೇಲೆ ಸಂಸಾರ ಮಾಡಲಿ ಅಂತಲೇನೋ?"

ನಗುತ್ತೀರಿ. ಹೊಸದುರ್ಗದಿಂದ ಬಂದಿರುವವರು ಹೆಚ್ಚು ನಗುತ್ತಿದ್ದೀರಿ, ಏಕೆಂದರೆ ಅಟ್ಟವೆಂದರೆ ಏನೆಂದು ನಿಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೀರಿ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟವನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ತನಕ ಅದು ಅಲ್ಲಿ ಕಾಯಬೇಕು. ಅಟ್ಟ ಸರಕು ಕಾಯುವ ಜಾಗ, ಮನುಷ್ಯ ಬಾಳುವ ಜಾಗವಲ್ಲ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಚೀಲಕ್ಕೆ ಕೊಡುವ ಜಾಗವನ್ನು ಮನೆಯವರು ತಮಗೆ ಇಟ್ಟುಕೊಂಡದ್ದಿಲ್ಲ. ಅಷ್ಟೇಕೆ, ತಲೆಯೆತ್ತಿ ನೋಡಿದರೆ ನಮ್ಮ ಕೋಟೆ. ಪಾಳೆಯಗಾರರು ಅಲ್ಲಿ ಕಣಜ ಕಟ್ಟಿದರು, ಎಣ್ಣೆಕೊಳ, ತುಪ್ಪದ ಕೊಳಗಳನ್ನು ಬಂಡೆಯಲ್ಲಿ ಮಾಡಿದರು. ಇಂದು ನೆಂಟರು ಬಂದರೆ ಟಿಕೆಟ್ ತೆಗೆಸಿ ಅದನ್ನೆಲ್ಲ ತೋರಿಸಿಕೊಂಡು ಬರುತ್ತೇವೆ. ಹಳೆಯ ಉಗ್ರಾಣ ಚೆಂದವಾಗಿ ಕಾಣುವ ರೋಗ ಅಮೆರಿಕದವರಿಗೆ ಮಾತ್ರ ಬಂದದ್ದಲ್ಲ.

ಆ ಜಾಹೀರಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎತ್ತರವೂ ಅಲ್ಲ, ಬೆಲೆಯೂ ಅಲ್ಲ. ನೆಲದ ಮೇಲಿನ ಆ ಗೀರುಗಳು. ನಮ್ಮಪ್ಪ ಈ ಊರಿನ ಹತ್ತಿ ಗೋದಾಮೊಂದರಲ್ಲಿ ಹಮಾಲಿ ಮಾಡಿದವರು. ಒತ್ತಿ ಕಟ್ಟಿದ ಹತ್ತಿಯ ಬೇಲು ಒಂದಕ್ಕೆ ೧೭೦ ಕಿಲೋ ತೂಕ. ಅದನ್ನು ಯಾರೂ ಹೊರುವುದಿಲ್ಲ. ಇಬ್ಬರು ಕೊಕ್ಕೆ ಹಾಕಿ ಬಗ್ಗಿಸಿ, ಮೂಲೆಯ ಮೇಲೆ ನಿಲ್ಲಿಸಿ, ತಿರುಗಿಸಿ ತಿರುಗಿಸಿ ನಡೆಸುತ್ತಾರೆ. ಬೇಲಿನ ಕಬ್ಬಿಣದ ಪಟ್ಟಿ ನೆಲಕ್ಕೆ ಉಜ್ಜಿದಲ್ಲೆಲ್ಲ ಗೆರೆ ಬೀಳುತ್ತದೆ. ನಾನು ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋದಾಗ ಬಾಗಿಲಿನಿಂದ ಗೋಡೆಯ ತನಕ ಆ ಗೆರೆಗಳ ಮೇಲೆ ಕಾಲಿಟ್ಟುಕೊಂಡು ಆಡುತ್ತಿದ್ದೆ. ಗೋದಾಮಿನ ಗುಮಾಸ್ತರು ಅಪ್ಪನಿಗೆ ಬೈಯುತ್ತಿದ್ದರು, ನೆಲ ಹಾಳುಮಾಡುತ್ತೀಯೆ ಎಂದು. ಅಂಥ ಗೀರಿಗೆ ಈಗ ಬೆಲೆ ಬಂದಿದೆ. ಗೀರಿದವನ ಪಾಲಿಗೆ ಬಂದದ್ದೇನು ಎಂಬುದೇ ಈ ಸಂಜೆಯ ಪ್ರಶ್ನೆ.

ಈ ಲಾಫ್ಟ್ ಎಂಬುದು ಎಲ್ಲಿ ಹುಟ್ಟಿತೆಂದು ಸ್ವಲ್ಪ ಹೇಳುತ್ತೇನೆ. ನ್ಯೂಯಾರ್ಕ್ ಪಟ್ಟಣದಲ್ಲಿ ಸೋಹೋ ಎಂಬ ಪೇಟೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಮುಂಭಾಗವಿಟ್ಟು ಕಟ್ಟಿದ ಹಲವು ಅಂತಸ್ತಿನ ಮಳಿಗೆಗಳ ಸಾಲು. ಬಟ್ಟೆಯ ವ್ಯಾಪಾರ, ಚಿಂದಿ ಮತ್ತು ಕಾಗದದ ಹೊರೆಗಳ ದಾಸ್ತಾನು, ಹೊಲಿಗೆಯ ಸಣ್ಣ ಕಾರ್ಖಾನೆಗಳು. ಎರಡನೆಯ ಮಹಾಯುದ್ಧದ ತರುವಾಯ ವ್ಯಾಪಾರ ಬೇರೆ ಕಡೆಗೆ ಸರಿಯಿತು, ಮಹಡಿಗಳು ಖಾಲಿ ಬಿದ್ದವು. ಬೆಂಕಿಯ ಅನಾಹುತಗಳು ಎಷ್ಟಾದವೆಂದರೆ ಅಗ್ನಿಶಾಮಕ ದಳದವರು ಆ ಪ್ರದೇಶಕ್ಕೆ ನರಕದ ನೂರು ಎಕರೆ ಎಂದು ಹೆಸರಿಟ್ಟರು. ಆಗ ಅಲ್ಲಿಗೆ ಕೈಯಲ್ಲಿ ಕಾಸಿಲ್ಲದ ಚಿತ್ರಕಾರರು, ಶಿಲ್ಪಿಗಳು ಬಂದು ಸೇರಿದರು. ಬಾಡಿಗೆ ಅಗ್ಗ, ಬೆಳಕು ಧಾರಾಳ, ದೊಡ್ಡ ಚಿತ್ರ ನಿಲ್ಲಿಸಲು ಎತ್ತರದ ಗೋಡೆ. ವ್ಯಾಪಾರದ ಕಟ್ಟಡವಾದ್ದರಿಂದ ಕಾನೂನಿನ ಪ್ರಕಾರ ಅಲ್ಲಿ ವಾಸ ಕೂಡದು. ಕದ್ದು ಬಾಳಿದರು. ೧೯೬೧ರಲ್ಲಿ ಒಂದು ಒಪ್ಪಂದವಾಗಿ, ಬಾಗಿಲ ಬಳಿ ಮೂರಕ್ಷರದ ಫಲಕ ಹಾಕಿಕೊಂಡರು. ಒಳಗೆ ಮನುಷ್ಯ ಇದ್ದಾನೆ, ಬೆಂಕಿ ಬಿದ್ದರೆ ಅವನನ್ನು ಹುಡುಕಿರಿ ಎಂದು ಅದರ ಅರ್ಥ. ಹಮಾಲ ಬಂಧುಗಳೇ, ಮಳೆಗಾಲದ ರಾತ್ರಿ ನೀವು ಗೋದಾಮಿನ ಬಾಗಿಲಲ್ಲಿ ಮಲಗಿದಾಗ ನಿಮ್ಮ ಹೆಸರಿನ ಫಲಕವನ್ನು ಯಾರೂ ಹಾಕಿದ್ದಿಲ್ಲ, ಅಲ್ಲವೇ?

೧೯೭೧ರಲ್ಲಿ ಪಟ್ಟಣದ ಆಡಳಿತವು ಕಲಾವಿದರು ಅಲ್ಲಿ ವಾಸಿಸಬಹುದೆಂದು ಒಪ್ಪಿತು. ಒಪ್ಪಿದ ಮೇಲೆ ಹಣವಂತರ ಕಣ್ಣು ಬಿತ್ತು. ಬಡ ಚಿತ್ರಕಾರ ಗುಡಿಸಿ ತೊಳೆದು ನಲ್ಲಿ ಹಾಕಿಸಿಕೊಂಡ ಮಹಡಿ, ವಕೀಲನಿಗೂ ಷೇರು ವ್ಯಾಪಾರಿಗೂ ಬೇಕಾಯಿತು. ಬಾಡಿಗೆ ಏರಿತು, ಬಾಡಿಗೆದಾರರನ್ನು ಹೊರಗೆ ಹಾಕುವ ಕೆಲಸ ಶುರುವಾಯಿತು. ಅವರು ಸುಮ್ಮನಿರಲಿಲ್ಲ. ಸಂಘ ಕಟ್ಟಿದರು, ಶಾಸಕರ ಬಾಗಿಲು ತಟ್ಟಿದರು. ೧೯೮೨ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯವು ಲಾಫ್ಟ್ ಕಾಯಿದೆ ಮಾಡಿತು. ಅಂಥ ಮಹಡಿಗಳಲ್ಲಿ ಆಗಲೇ ವಾಸಿಸುತ್ತಿದ್ದವರನ್ನು ಇಷ್ಟಬಂದಂತೆ ಎಬ್ಬಿಸಕೂಡದು, ಮಾಲೀಕನು ಕಟ್ಟಡವನ್ನು ವಾಸಕ್ಕೆ ತಕ್ಕಂತೆ ಭದ್ರಪಡಿಸಿ ಕೊಡತಕ್ಕದ್ದು ಎಂದಾಯಿತು. ಒಳ್ಳೆಯ ಕಾಯಿದೆ. ಆದರೆ ಚಿತ್ರಕಾರರಿಗಿಂತ ಮೊದಲು ಆ ಮಹಡಿಗಳಲ್ಲಿ ದುಡಿಯುತ್ತಿದ್ದವರು, ಪೋರ್ಟೊರಿಕೋದಿಂದ ಬಂದವರು, ಕರಿಯ ಜನರು, ಅವರನ್ನು ಆ ಕಾಯಿದೆ ನೆನೆಯಲಿಲ್ಲ. ಅವರು ಆ ವೇಳೆಗೆ ಚದುರಿಹೋಗಿದ್ದರು. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ೧೯೮೨ನೆಯ ವರ್ಷ. ಜನವರಿ ೧೮. ಮುಂಬಯಿಯ ಬಟ್ಟೆ ಮಿಲ್ಲುಗಳ ಕೆಲಸಗಾರರು ದತ್ತಾ ಸಾಮಂತರ ಮುಂದಾಳ್ತನದಲ್ಲಿ ಮುಷ್ಕರ ಹೂಡಿದರು. ಸುಮಾರು ಎರಡೂವರೆ ಲಕ್ಷ ಜನ. ನಿಮ್ಮಲ್ಲಿ ಹಿರಿಯರಾದವರು ಆ ದಿನಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಬಲ್ಲಿರಿ. ಸಂಬಳ, ಬೋನಸ್ಸು, ಬದಲಿ ಕೆಲಸಗಾರರ ಕಾಯಮಾತಿ, ಇವು ಬೇಡಿಕೆಗಳು. ಮಾತುಕತೆಗೆ ಅರ್ಹವಾದ ಸಂಘ ಒಂದೇ ಎಂದು ೧೯೪೬ರ ಬೊಂಬಾಯಿ ಕಾಯಿದೆ ಹೇಳುತ್ತಿತ್ತು. ಕೆಲಸಗಾರರು ಆ ಸಂಘವನ್ನು ನಂಬಿರಲಿಲ್ಲ, ಸರ್ಕಾರ ಬೇರೆ ಸಂಘವನ್ನು ಒಪ್ಪಲಿಲ್ಲ. ವರ್ಷ ಕಳೆಯಿತು. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಹಸಿವು ಅದನ್ನು ಕರಗಿಸಿತು. ಮೊದಲೇ ಸೊರಗಿದ್ದ ಮಿಲ್ಲುಗಳು ಒಂದರ ಹಿಂದೆ ಒಂದು ಬಾಗಿಲೆಳೆದವು. ದತ್ತಾ ಸಾಮಂತರನ್ನು ೧೯೯೭ರ ಜನವರಿಯಲ್ಲಿ ಹಾಡುಹಗಲೇ ಗುಂಡಿಟ್ಟು ಕೊಂದರು.

ಮುಷ್ಕರದ ಕಥೆಯನ್ನು ಬಹಳ ಮಂದಿ ಹೇಳುತ್ತಾರೆ. ನೆಲದ ಕಥೆಯನ್ನು ಹೇಳುವವರು ಕಡಿಮೆ. ಮಿಲ್ಲು ಸತ್ತರೂ ನೆಲ ಸಾಯಲಿಲ್ಲ. ಮುಂಬಯಿಯಲ್ಲಿ ೫೮ ಮಿಲ್ಲುಗಳ ಕೆಳಗೆ ಇದ್ದ ಭೂಮಿ ಸುಮಾರು ೬೦೦ ಎಕರೆ. ನೂಲಿನಿಂದ ಹುಟ್ಟದ ಲಾಭ ಮಣ್ಣಿನಿಂದ ಹುಟ್ಟುತ್ತದೆಂದು ಮಾಲೀಕರಿಗೆ ಅರ್ಥವಾಗಲು ತಡವಾಗಲಿಲ್ಲ. ೧೯೯೧ರಲ್ಲಿ ಮಹಾರಾಷ್ಟ್ರ ಸರ್ಕಾರವು ಪಟ್ಟಣದ ಕಟ್ಟಡ ನಿಯಮಗಳಲ್ಲಿ ೫೮ನೆಯ ನಿಯಮವೆಂದು ಒಂದನ್ನು ಸೇರಿಸಿತು. ಮಿಲ್ಲಿನ ನೆಲವನ್ನು ಮಾರಿ ಕಟ್ಟಬೇಕಾದರೆ ಮೂರು ಪಾಲು ಮಾಡತಕ್ಕದ್ದು: ಸ್ಥೂಲವಾಗಿ ಒಂದು ಪಾಲು ಪಟ್ಟಣಕ್ಕೆ, ಬಯಲು ಮತ್ತು ಉದ್ಯಾನಕ್ಕಾಗಿ, ಒಂದು ಪಾಲು ಸರ್ಕಾರದ ಗೃಹನಿರ್ಮಾಣ ಮಂಡಳಿಗೆ, ಜನರ ಮನೆಗಳಿಗಾಗಿ, ಒಂದು ಪಾಲು ಮಾಲೀಕನಿಗೆ. ಲೋಕದಲ್ಲಿ ನಾನು ಕೇಳಿರುವ ನ್ಯಾಯವಾದ ಪಾಲುಪಟ್ಟಿಗಳಲ್ಲಿ ಇದು ಒಂದು. ಮಾಲೀಕನಿಂದ ಎಲ್ಲವನ್ನೂ ಕಿತ್ತುಕೊಳ್ಳಲಿಲ್ಲ; ಎಲ್ಲವನ್ನೂ ಅವನಿಗೇ ಬಿಡಲೂ ಇಲ್ಲ.

ಆಮೇಲೆ ಏನಾಯಿತು? ಹತ್ತು ವರ್ಷ ಮಾಲೀಕರು ಕೈಕಟ್ಟಿ ಕೂತರು. ೨೦೦೧ರಲ್ಲಿ ನಿಯಮಕ್ಕೆ ಒಂದು ತಿದ್ದುಪಡಿ ಬಂತು. ಮೂರು ಪಾಲು ಮಾಡಬೇಕಾದದ್ದು ಮಿಲ್ಲಿನ ಇಡೀ ನೆಲವನ್ನಲ್ಲ, ಕಟ್ಟಡವಿಲ್ಲದೆ ಖಾಲಿ ಇರುವ ನೆಲವನ್ನು ಮಾತ್ರ ಎಂದಾಯಿತು. ಮಿಲ್ಲಿನ ಆವರಣದಲ್ಲಿ ಖಾಲಿ ನೆಲ ಎಷ್ಟಿರುತ್ತದೆ? ನೀವು ಮಿಲ್ಲಿನಲ್ಲಿ ದುಡಿದವರು, ನೀವೇ ಹೇಳಿ. ಲೂಮಿನ ಶೆಡ್ಡು, ನೂಲಿನ ಶೆಡ್ಡು, ಗೋದಾಮು, ಬಾಯ್ಲರು, ಇವೇ ಎಲ್ಲವನ್ನೂ ತುಂಬಿರುತ್ತವೆ. ತೋಟವನ್ನು ಮೂರು ಪಾಲು ಮಾಡುತ್ತೇನೆಂದು ಪಂಚಾಯಿತಿಯಲ್ಲಿ ಒಪ್ಪಿ, ಕೊನೆಗೆ ಬೇಲಿಯ ಬದಿಯ ಓಣಿಯನ್ನು ಮೂರು ಪಾಲು ಮಾಡಿದ ಹಾಗಾಯಿತು. ಮುಂಬಯಿಯ ನಾಗರಿಕರು ಕೋರ್ಟಿಗೆ ಹೋದರು. ೨೦೦೫ರಲ್ಲಿ ಬೊಂಬಾಯಿ ಹೈಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು. ೨೦೦೬ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಅಲ್ಲಿಗೆ ಮುಗಿಯಿತು.

೨೦೦೫ರಲ್ಲಿಯೇ, ಸರ್ಕಾರವೇ ೧೯೭೪ರಲ್ಲಿ ರಾಷ್ಟ್ರೀಕರಣ ಮಾಡಿಕೊಂಡಿದ್ದ ಮಿಲ್ಲುಗಳ ನೆಲ ಹರಾಜಾಯಿತು. ಲೋವರ್ ಪರೇಲಿನ ಮುಂಬಯಿ ಟೆಕ್ಸ್‌ಟೈಲ್ ಮಿಲ್ಲು, ಹದಿನೇಳು ಎಕರೆಯ ಆಸುಪಾಸು, ೭೦೨ ಕೋಟಿ ರೂಪಾಯಿಗೆ ಹೋಯಿತು. ಇನ್ನು ಕೆಲಸಗಾರರ ಪಾಲಿನ ಲೆಕ್ಕ. ಗೃಹನಿರ್ಮಾಣ ಮಂಡಳಿಗೆ ಬಂದ ಅಷ್ಟಿಷ್ಟು ನೆಲದಲ್ಲಿ ಕಟ್ಟಿದ ಮನೆಗಳಿಗೆ ೨೦೧೨ರ ಜೂನ್‌ನಲ್ಲಿ ಲಾಟರಿ ಎತ್ತಿದರು. ಮನೆಗಳು ೬,೯೨೫. ಅರ್ಜಿ ಹಾಕಿದ್ದವರು ಲಕ್ಷಕ್ಕೂ ಮೇಲೆ. ಮನೆಯ ಅಳತೆ ೨೨೫ ಚದರ ಅಡಿ. ಅದೂ ಧರ್ಮಕ್ಕಲ್ಲ, ಏಳೂವರೆ ಲಕ್ಷ ರೂಪಾಯಿ ಕಟ್ಟಬೇಕು. ಮುಷ್ಕರ ನಡೆದು ಮೂವತ್ತು ವರ್ಷವಾಗಿತ್ತು. ಎಷ್ಟೋ ಅರ್ಜಿಗಳ ಮೇಲೆ ಮಗನ ರುಜು, ವಿಧವೆಯ ಹೆಬ್ಬೆಟ್ಟು.

ನೋಡಿ, ಒಂದೇ ವರ್ಷ, ಎರಡು ಪಟ್ಟಣ, ಎರಡರಲ್ಲೂ ಬಟ್ಟೆಯ ಧೂಳು ಕುಡಿದ ನೆಲ. ಒಂದು ಕಡೆ ಕಟ್ಟಡದ ಒಳಗೆ ಇದ್ದವರಿಗೆ ಕಾಯಿದೆ ಸಿಕ್ಕಿತು. ಇನ್ನೊಂದು ಕಡೆ ಕಾಯಿದೆ ಬರುವ ವೇಳೆಗೆ ಇದ್ದವರು ಹೊರಗೆ ಬಿದ್ದಿದ್ದರು, ಬಂದ ಕಾಯಿದೆಯನ್ನು ಕಾಯಲು ಗೇಟಿನಲ್ಲಿ ಯಾರೂ ಇರಲಿಲ್ಲ. ನಮ್ಮ ಜನ ಸೋತದ್ದು ಧೈರ್ಯ ಸಾಲದೆ ಅಲ್ಲ. ಸಂಬಳಕ್ಕೆ ಹೋರಾಡುವುದು ಅವರಿಗೆ ಗೊತ್ತಿತ್ತು. ನೆಲದ ಕಾಗದ ಓದುವುದು ಗೊತ್ತಿರಲಿಲ್ಲ. ಯಾರು ಕಲಿಸಿದ್ದರು? ನಮ್ಮ ಸಂಘಗಳೂ ಕಲಿಸಲಿಲ್ಲ. ಈ ತಪ್ಪಿನಲ್ಲಿ ನನ್ನಂಥ ಭಾಷಣಕಾರರ ಪಾಲೂ ಇದೆ.

ಬೆಂಗಳೂರಿಗೆ ಬನ್ನಿ. ೧೮೮೪ರಲ್ಲಿ ಶುರುವಾದ ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ಮನೆಗಳು ಎದ್ದಿವೆ. ನಡುವೆ ಕೆಲವು ಕಾಲ ಅದು ಸಿನಿಮಾದ ಹೊಡೆದಾಟಕ್ಕೆ ಬಾಡಿಗೆಗೆ ಸಿಗುತ್ತಿತ್ತು. ಮಲ್ಲೇಶ್ವರದ ರಾಜಾ ಮಿಲ್ಲಿನ ನೆಲದಲ್ಲಿ ೨೦೧೦ರಲ್ಲಿ ಭಾರಿ ಮಾಲು ತೆರೆಯಿತು. ಮಿನರ್ವಾ ಮಿಲ್ಲಿನ ಹೆಸರು ೧೯೮೦ರ ಸಂವಿಧಾನದ ಮೊಕದ್ದಮೆಯಿಂದಾಗಿ ವಕೀಲರ ಬಾಯಲ್ಲಿ ಚಿರಂಜೀವಿಯಾಗಿದೆ. ಅಲ್ಲಿ ನೂಲು ತೆಗೆದವರ ಹೆಸರು ಯಾರ ಬಾಯಲ್ಲೂ ಇಲ್ಲ. ೧೯೯೭ರ ತನಕ ನಮ್ಮ ಜಿಲ್ಲೆಯದೇ ಆಗಿದ್ದ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಮಿಲ್ಲಿನ ಸೈರನ್ನು ಕೇಳಿ ಊರು ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಈಗ ದಾವಣಗೆರೆ ಎಂದರೆ ಬೆಣ್ಣೆದೋಸೆ. ದೋಸೆಯ ಮೇಲೆ ನನಗೆ ದ್ವೇಷವಿಲ್ಲ, ತಿಂದೇ ಬಂದಿದ್ದೇನೆ.

ಇಷ್ಟು ದೂರ ಸುತ್ತಿ ಬಂದದ್ದು ನಮ್ಮ ಪೇಟೆಯೊಳಗಿನ ಗೋದಾಮಿನ ಬಾಗಿಲಿಗೆ. ಯಾವ ಗೋದಾಮೆಂದು ನಿಮಗೆಲ್ಲ ಗೊತ್ತು. ಹೆಸರು ಹೇಳಿ ವೇದಿಕೆಯ ಮೇಲಿಂದ ಯಾರ ಮರ್ಯಾದೆಯನ್ನೂ ತೆಗೆಯುವ ಇಚ್ಛೆ ನನಗಿಲ್ಲ. ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ, ಪಾಲಾಗುವವರು ಮಾರುತ್ತಾರೆ. ಮಾರುವುದು ಅವರ ಹಕ್ಕು. ಒಂದು ಕಾಲಕ್ಕೆ ಹಿರಿಯೂರಿನ ಕಡೆಯಿಂದ ಹತ್ತಿ, ಚಳ್ಳಕೆರೆಯ ಕಡೆಯಿಂದ ಶೇಂಗಾ ತುಂಬಿಕೊಂಡು ಬಂದ ಗಾಡಿಗಳು ಅದರ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ವ್ಯಾಪಾರ ಮಾರುಕಟ್ಟೆಯ ಯಾರ್ಡಿಗೆ ಹೋಯಿತು, ಲಾರಿಗಳು ಹೆದ್ದಾರಿಗೆ ಹೋದವು. ಈಗ ಒಳಗೆ ಸಿಮೆಂಟು, ಗೊಬ್ಬರ. ಮುಂದೆ ಹನ್ನೊಂದು ಅಂಗಡಿಗಳು: ಹಗ್ಗದವನು, ತಕ್ಕಡಿ ರಿಪೇರಿಯವನು, ಇಬ್ಬರು ದರ್ಜಿಗಳು, ಬೀಜದ ಅಂಗಡಿ, ಚಹದವಳು, ಇನ್ನೂ ಐವರು. ಹಿಂದೆ ಇಪ್ಪತ್ತು ಹಮಾಲರ ಒಂದು ಗುಂಪು. ಕೊಳ್ಳಲು ಬಂದವರು ಬೆಂಗಳೂರಿನವರು. ಕಟ್ಟಡವನ್ನು ಕೆಡವುವುದಿಲ್ಲವಂತೆ. ಮೇಲೆ ಎತ್ತರದ ಸೂರಿನ ಮನೆಗಳು, ಕೆಳಗೆ ಗಾಜಿನ ಅಂಗಡಿಗಳು. ಅದೇ, ಅಕ್ಕ ಹೇಳಿದ ಅಟ್ಟ, ನಮ್ಮೂರಿಗೂ ಬಂತು.

ಕೆಡವದೆ ಉಳಿಸುತ್ತೇವೆ ಎಂದರೆ ನಾನು ಸಂತೋಷಪಡುವವನೇ. ಆ ತೇಗದ ತೊಲೆಗಳು, ಆ ಕಲ್ಲಿನ ಕಟ್ಟಡ, ಇಂದು ಕಟ್ಟಿಸುತ್ತೇನೆಂದರೂ ಆಗದು. ಹಳೆಯ ಕಟ್ಟಡ ಬಿದ್ದರೆ ಹಮಾಲನಿಗೆ ಲಾಭವೂ ಇಲ್ಲ. ಮನೆ ಬೇಕಾದವರು ಮನೆ ಮಾಡಿಕೊಳ್ಳಲಿ. ಆದರೆ ಒಂದು ವಿಷಯವನ್ನು ಯೋಚಿಸಿ. ಆ ಗೋದಾಮಿಗೆ ಇಂದು ಕೇಳುತ್ತಿರುವ ಬೆಲೆ ಅದರ ಇಟ್ಟಿಗೆಯಿಂದ ಬಂದದ್ದೇ? ಹೆದ್ದಾರಿ ಆರು ಪಥವಾಗಿದೆ, ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲುದಾರಿಯ ಕೆಲಸ ನಡೆದಿದೆ, ಜಿಲ್ಲೆಯ ಕಚೇರಿಗಳು ಇಲ್ಲಿವೆ. ಇದಾವುದಕ್ಕೂ ಗೋದಾಮಿನ ಮಾಲೀಕರು ಒಂದು ಬುಟ್ಟಿ ಮಣ್ಣು ಹೊತ್ತಿಲ್ಲ. ಆ ಬೀದಿಗೆ ಜನ ಬರುತ್ತಾರೆ ಎಂಬ ಹೆಸರನ್ನು ಕೊಟ್ಟವರು ಹಗ್ಗದವನೂ ದರ್ಜಿಯೂ ಚಹದವಳೂ. ಮೂವತ್ತು ವರ್ಷ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದು ಅವರು ಬೀದಿಯನ್ನು ಬೀದಿಯಾಗಿ ಉಳಿಸಿದರು. ಮಾರಾಟದ ಕಾಗದದಲ್ಲಿ ಇದಕ್ಕೆ ಒಂದು ಕಾಲಮ್ಮೂ ಇಲ್ಲ.

ಇನ್ನು ಕಾನೂನಿನ ಮಾತು. ಅಂಗಡಿಯವರು ಇಲ್ಲಿ ಕಿವಿಗೊಡಬೇಕು.

"ನಾವು ಹಳೆಯ ಬಾಡಿಗೆದಾರರು, ನಮ್ಮನ್ನು ಯಾರು ಎಬ್ಬಿಸುತ್ತಾರೆ" ಎಂದು ನಿಮ್ಮಲ್ಲಿ ಬಹಳ ಜನ ನಂಬಿದ್ದೀರಿ. ಅದು ೧೯೬೧ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದ ನಂಬಿಕೆ. ಆ ಕಾಯಿದೆ ಹೋಗಿ ೧೯೯೯ರ ಬಾಡಿಗೆ ಕಾಯಿದೆ ಬಂದು, ೨೦೦೧ರ ಕೊನೆಯಿಂದ ಜಾರಿಯಲ್ಲಿದೆ. ಹೊಸ ಕಾಯಿದೆಯು ತನ್ನ ಪಟ್ಟಿಗೆ ಸೇರಿದ ಊರುಗಳಲ್ಲಿ ಕೂಡ ಎಲ್ಲ ಅಂಗಡಿಗಳನ್ನೂ ಕಾಯುವುದಿಲ್ಲ. ವ್ಯಾಪಾರದ ಜಾಗ ೧೪ ಚದರ ಮೀಟರು ಮೀರಿದರೆ ಅದು ಕಾಯಿದೆಯ ಹೊರಗೆ. ಹದಿನಾಲ್ಕು ಚದರ ಮೀಟರೆಂದರೆ ಎಷ್ಟು? ಹತ್ತಡಿ ಅಗಲ, ಹದಿನೈದಡಿ ಉದ್ದ. ಹದಿನೈದಿದ್ದರೆ ಒಳಗೆ, ಹದಿನಾರಾದರೆ ಹೊರಗೆ. ಒಂದು ಅಡಿಯಲ್ಲಿ ಬದುಕು ನಿಂತಿದೆ. ಹನ್ನೊಂದು ಅಂಗಡಿಯವರಲ್ಲಿ ತಮ್ಮ ಅಂಗಡಿಯನ್ನು ಅಳೆದವರು ಯಾರಾದರೂ ಇದ್ದ ಪಕ್ಷದಲ್ಲಿ ಕೈ ಎತ್ತಿ. ಯಾರೂ ಇಲ್ಲ. ಸೀಟಿನ ಇಳಿಜಾರು ಹಾಕಿ ಮುಂದಕ್ಕೆ ಎಳೆದುಕೊಂಡವರು ಮೂವರಿದ್ದೀರಿ, ನಾನು ನೋಡಿದ್ದೇನೆ. ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂದು ವಕೀಲರನ್ನು ಕೇಳಬೇಕು.

ಆ ಕಾಯಿದೆಯ ಹೊರಗೆ ಬಿದ್ದವರಿಗೆ ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆ. ಬರಹದ ಕರಾರಿಲ್ಲದೆ ತಿಂಗಳ ಬಾಡಿಗೆಗೆ ಇರುವ ಅಂಗಡಿಯವನಿಗೆ ಹದಿನೈದು ದಿನದ ನೋಟೀಸು ಕೊಟ್ಟರೆ ಸಾಕೆಂದು ಅದು ಹೇಳುತ್ತದೆ. ಹದಿನೈದು ದಿನ! ಮೂವತ್ತು ವರ್ಷಕ್ಕೆ ಹದಿನೈದು ದಿನ. ಆದರೂ ಅದೇ ಕಾಯಿದೆಯಲ್ಲಿ ನಿಮಗೆ ಆಸರೆಯಾಗುವ ಮಾತೂ ಇದೆ. ಕಟ್ಟಡ ಮಾರಾಟವಾದ ಮಾತ್ರಕ್ಕೆ ಬಾಡಿಗೆಯ ಹಕ್ಕು ಮುರಿದುಬೀಳುವುದಿಲ್ಲ. ಕೊಂಡವನು ಹಳೆಯ ಮಾಲೀಕನ ಜಾಗದಲ್ಲಿ ನಿಲ್ಲುತ್ತಾನೆ, ಅವನಿಗಿದ್ದ ಹಕ್ಕಿನ ಜೊತೆಗೆ ಅವನಿಗಿದ್ದ ಕಟ್ಟುಪಾಡೂ ಇವನಿಗೆ ಬರುತ್ತದೆ. ಮಾರಾಟದ ಸುದ್ದಿ ತಿಳಿಯದೆ ಹಳಬರಿಗೆ ಕೊಟ್ಟ ಬಾಡಿಗೆಯನ್ನು ಮತ್ತೊಮ್ಮೆ ಹೊಸಬರಿಗೆ ತೆರಬೇಕಾಗಿಲ್ಲ. ನೋಟೀಸಿನ ಅವಧಿ ಮುಗಿದರೂ ಕೋರ್ಟಿನ ಆದೇಶವಿಲ್ಲದೆ ಬೀಗ ಒಡೆದು ಸಾಮಾನು ಬೀದಿಗೆ ಎಸೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಇಷ್ಟಕ್ಕೂ ನೀವು ಬಾಡಿಗೆದಾರರೆಂದು ತೋರಿಸುವ ಕಾಗದ ಬೇಕು. ರಸೀದಿ ಇದೆಯೇ? "ಸಾಹುಕಾರರು ದೊಡ್ಡ ಮನಸ್ಸಿನವರು, ರಸೀದಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ" ಎನ್ನುತ್ತೀರಿ. ದೊಡ್ಡ ಮನಸ್ಸು ಪಾಲುಪಟ್ಟಿಯಲ್ಲಿ ಬರುವುದಿಲ್ಲ. ಈ ತಿಂಗಳಿನಿಂದ ಬ್ಯಾಂಕಿನ ಮೂಲಕವೋ ಫೋನಿನ ಮೂಲಕವೋ ಹಾಕಿ, ಗುರುತು ಉಳಿಯುತ್ತದೆ. ಹೊಸ ಕರಾರು ಮಾಡಿಕೊಳ್ಳುವುದಾದರೆ ಹನ್ನೊಂದು ತಿಂಗಳಿನದು ಬೇಡ, ಮೂರು ವರ್ಷದ್ದನ್ನು ಕೇಳಿ, ಸಬ್ ರಿಜಿಸ್ಟ್ರಾರರಲ್ಲಿ ನೋಂದಾಯಿಸಿ. ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗದೆ ನಿಲ್ಲುವುದಿಲ್ಲ. ಖರ್ಚಾಗುತ್ತದೆ, ನಿಜ. ಹನ್ನೊಂದು ಜನ ಸೇರಿದರೆ ಒಬ್ಬ ವಕೀಲ ಸಾಕು.

ಹಮಾಲರ ಸ್ಥಿತಿ ಇದಕ್ಕಿಂತ ಕಷ್ಟ. ಬಾಡಿಗೆದಾರರೂ ಅಲ್ಲ, ಹಾಜರಿ ಪುಸ್ತಕದ ನೌಕರರೂ ಅಲ್ಲ. ಮಿಲ್ಲು ಮುಚ್ಚಿದರೆ ಕೆಲಸಗಾರನಿಗೆ ದುಡಿದ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಪರಿಹಾರ ಉಂಟು. ನೂರು ಜನರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅಪ್ಪಣೆ ಬೇಕೆಂಬ ಕಟ್ಟಳೆಯನ್ನು ೨೦೨೦ರ ಸಂಹಿತೆಯು ಮುನ್ನೂರಕ್ಕೆ ಏರಿಸಿದೆ. ಇಪ್ಪತ್ತು ಜನ ಹಮಾಲರ ವಿಷಯ ಎರಡರಲ್ಲೂ ಬರುವುದಿಲ್ಲ. ಸೋಹೋದಲ್ಲಿ ಚದುರಿಹೋದವರು ಎಂದೆನಲ್ಲ, ಅವರು ಇವರೇ. ಆದ್ದರಿಂದ ಹಮಾಲರು ತಮ್ಮ ಕಾಗದವನ್ನು ತಾವೇ ಮಾಡಿಕೊಳ್ಳಬೇಕು. ಯಾವ ಗೋದಾಮಿನಲ್ಲಿ ಎಷ್ಟು ವರ್ಷ, ಮೂಟೆಗೆ ಎಷ್ಟು ಕೂಲಿ, ಯಾರು ಕೊಟ್ಟರು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಸಿ, ಅಂಗಡಿಯವರ ಸಾಕ್ಷಿ ಹಾಕಿಸಿ. ಅಂಗಡಿಯವರೇ, ನೀವು ಇದಕ್ಕೆ ರುಜು ಹಾಕದಿದ್ದರೆ ನಿಮ್ಮ ಪರವಾಗಿ ಅವರು ಏಕೆ ಬೀದಿಗೆ ಇಳಿಯಬೇಕು?

ಕೊನೆಯದಾಗಿ ಒಂದು ಸಂಗತಿ, ಇದನ್ನು ಬಹಳ ಜನ ಬಲ್ಲವರಲ್ಲ. ಪಟ್ಟಣದ ಯೋಜನೆಯಲ್ಲಿ ಪ್ರತಿ ಜಾಗಕ್ಕೂ ಇದು ವಾಸಕ್ಕೆ, ಇದು ವ್ಯಾಪಾರಕ್ಕೆ, ಇದು ಕೈಗಾರಿಕೆಗೆ ಎಂದು ಗುರುತಿರುತ್ತದೆ. ಆ ಗುರುತನ್ನು ಬದಲಾಯಿಸಬೇಕಾದರೆ ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ೧೪-ಎ ಕಲಮಿನ ಪ್ರಕಾರ ಪ್ರಸ್ತಾಪವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಸಾರ್ವಜನಿಕರು ಎಂದರೆ ನೀವು. ಆ ನೋಟೀಸು ಒಳಪುಟದ ಮೂಲೆಯಲ್ಲಿ, ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಯ ಪಕ್ಕದಲ್ಲಿ, ಇರುವೆಯ ಸಾಲಿನಂಥ ಅಕ್ಷರದಲ್ಲಿ ಬರುತ್ತದೆ. ಅದು ಬಂದ ದಿನ ನಾವು ಅದನ್ನು ಓದಿರಬೇಕು. ಮುಂಬಯಿಯ ಮೂರು ಪಾಲು ಹೋದದ್ದು ಒಂದು ಶಬ್ದದ ಬದಲಾವಣೆಯಲ್ಲಿ. ನಮ್ಮ ಆಕ್ಷೇಪಣೆ ಗೋದಾಮು ಮಾರಬೇಡಿ ಎಂದಲ್ಲ. ಕೆಳಗಿನ ಹನ್ನೊಂದು ಅಂಗಡಿಯವರನ್ನು ಅದೇ ಸಾಲಿನಲ್ಲಿ ಅದೇ ಅಳತೆಯಲ್ಲಿ ಉಳಿಸಿಕೊಳ್ಳುವ ಷರತ್ತಿನ ಮೇಲೆ, ಹಿಂದಿನ ಅಂಗಳದಲ್ಲಿ ಹಮಾಲರಿಗೆ ನೆರಳು, ನೀರು, ಸಾಮಾನು ಇಡುವ ಕೋಣೆ ಬಿಡುವ ಷರತ್ತಿನ ಮೇಲೆ, ಮೇಲಿನದನ್ನು ಮನೆಯಾಗಿಸಲಿ ಎಂದು ಬರೆಯೋಣ. ಒಪ್ಪುತ್ತಾರೆಯೇ? ಪೂರ್ತಿ ಒಪ್ಪಲಿಕ್ಕಿಲ್ಲ. ಬರೆಯದಿದ್ದರೆ ಅವರಿಗೆ ಕೇಳಿಸುವುದೂ ಇಲ್ಲ.

ಅಮೆರಿಕದ ಹುಡುಗನಿಗೆ ಏನು ಉತ್ತರ ಕೊಟ್ಟೆನೆಂದು ಅಧ್ಯಕ್ಷರು ಆಗಲೇ ಕೇಳಿದರು. ಕೊಳ್ಳಪ್ಪ, ನಿನ್ನ ದುಡಿಮೆಯ ಹಣ, ಎಂದೆ. ಆದರೆ ಆ ನೆಲದ ಗೀರುಗಳು ಯಾವ ಸರಕಿನವು, ಎಳೆದವರು ಯಾರು, ಎಲ್ಲಿಗೆ ಹೋದರು ಎಂದು ಮಾರುವವರನ್ನು ಒಮ್ಮೆ ಕೇಳಿ ತಿಳಿಸು ಎಂದೂ ಹೇಳಿದೆ. ಕೇಳಿದನಂತೆ. ಅವರಿಗೆ ಗೊತ್ತಿಲ್ಲವಂತೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಗೋದಾಮಿನ ಮುಂದೆ, ಚಹದಂಗಡಿಯ ಹತ್ತಿರ ಸೇರೋಣ. ಹನ್ನೊಂದು ಅಂಗಡಿಗಳನ್ನೂ ಅಳೆಯಬೇಕು. ಅಳತೆಯ ಟೇಪು ನಾನು ತರುತ್ತೇನೆ. ನಿಮ್ಮಲ್ಲಿರುವ ರಸೀದಿ, ಮುಂಗಡ ಕೊಟ್ಟ ಚೀಟಿ, ಹಳೆಯ ಕರೆಂಟು ಬಿಲ್ಲು, ಏನಿದ್ದರೂ ತನ್ನಿ. ಹಮಾಲರ ಗುಂಪಿನಲ್ಲಿ ಓದುಬರಹ ಬಲ್ಲ ಹುಡುಗ ಯಾರಾದರೂ ಇದ್ದರೆ ಒಂದು ದಪ್ಪ ನೋಟ್‌ಬುಕ್ಕು ತರಲಿ.